ಇಟಗಿಯ ಹುಡುಗರಿಗೆ ಡಿಜೆ ಸೂತ್ರಗಳು: ಮೊದಲು ಕಿವಿ, ಆಮೇಲೆ ಬಾಕ್ಸ್

ಗಣೇಶ ವಿಸರ್ಜನೆ ಇರಲಿ, ಮದುವೆ ಮೆರವಣಿಗೆ ಇರಲಿ, ಕುಕನೂರು, ಯಲಬುರ್ಗಾ, ಕುಷ್ಟಗಿ ಸೀಮೆಯ ಹುಡುಗರು ಮೊದಲು ಕೇಳುವುದು ‘ಡಿಜೆ ಯಾವುದು?’ ಅಂತ. ಟ್ರ್ಯಾಕ್ಟರ್ ತುಂಬ ಸ್ಪೀಕರ್ ಬಾಕ್ಸ್ ಹೇರಿ ಪೆನ್‌ಡ್ರೈವ್ ಹಾಕುವುದು ಬಾಡಿಗೆ ವ್ಯವಹಾರ. ಕುಣಿಯುವವರ ಹೆಜ್ಜೆ ತಪ್ಪದಂತೆ ಹಾಡಿಗೆ ಹಾಡು ಹೆಣೆಯುವುದು ವಿದ್ಯೆ. ಆ ವಿದ್ಯೆಯನ್ನು ಇದೇ ಸೀಮೆಯ ಇಟಗಿಯಲ್ಲಿ ಕೂತೇ ಕಲಿಯಬಹುದು.

1. ಎಣಿಸಿ. ನಾಲ್ಕು ಬೀಟ್ ಸೇರಿದರೆ ಒಂದು ಬಾರ್, ಎಂಟು ಬಾರ್ ಸೇರಿದರೆ 32 ಬೀಟ್. ಸಿನಿಮಾ, ಡಾನ್ಸ್ ಹಾಡುಗಳು ಬಹುಪಾಲು ಈ ಲೆಕ್ಕದಲ್ಲೇ ತಿರುವು ತೆಗೆದುಕೊಳ್ಳುತ್ತವೆ. ಹೊಸ ಹಾಡನ್ನು ಆ ತಿರುವಿನಲ್ಲೇ ಒಳಗೆ ಬಿಡಿ.

2. ದುಬಾರಿ ಯಂತ್ರಕ್ಕೆ ಸಾಲ ಮಾಡಬೇಡಿ. ಹಳೆಯ ಲ್ಯಾಪ್‌ಟಾಪ್ ಸಾಕು. ‘ಮಿಕ್ಸ್’ (Mixxx) ಎಂಬ ಡಿಜೆ ತಂತ್ರಾಂಶ ಪೂರ್ತಿ ಉಚಿತ. ಜೊತೆಗೊಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ಮುಂದಿನ ಹಾಡು ನಿಮ್ಮ ಹೆಡ್‌ಫೋನ್‌ಗೆ, ಈಗಿನದು ಸ್ಪೀಕರ್‌ಗೆ ಬೇರೆ ಬೇರೆ ಹೋಗಬೇಕಲ್ಲ!

3. ಎರಡು ಹಾಡಿನ ವೇಗವನ್ನು ತಾನೇ ಹೊಂದಿಸುವ ‘ಸಿಂಕ್’ ಗುಂಡಿಯನ್ನು ನಂಬಿ ಕೂರಬೇಡಿ. ನಮ್ಮ ಕಡೆ ಇದು ಎಲ್ಲಕ್ಕಿಂತ ದೊಡ್ಡ ಪಾಠ. ಕಂಪ್ಯೂಟರಿನಲ್ಲಿ ಕಟ್ಟಿದ ಹಾಡಿನ ವೇಗ ಸಾಮಾನ್ಯವಾಗಿ ಕೊನೆತನಕ ಒಂದೇ. ಆದರೆ ಹಲಗಿ, ಡೊಳ್ಳು ಮನುಷ್ಯರ ಕೈಯಲ್ಲಿ ನುಡಿಯುವ ವಾದ್ಯಗಳು. ಹುರುಪು ಏರಿದಂತೆ ವೇಗವೂ ಏರುತ್ತದೆ. ಹಳೆಯ ಜಾನಪದ ಧ್ವನಿಮುದ್ರಣಗಳಲ್ಲಿ ಯಂತ್ರದ ಲೆಕ್ಕ ಅರ್ಧ ಹಾಡಿಗೇ ಜಾರುತ್ತದೆ. ಆಗ ಕಾಪಾಡುವುದು ಕಿವಿಯೊಂದೇ. ಓಡುತ್ತಿರುವ ಹಾಡು ನಿಮಿಷಕ್ಕೆ 104 ಬೀಟ್, ಮುಂದಿನದು 100 ಇದ್ದರೆ ಮುಂದಿನದನ್ನು ಶೇ. 4ರಷ್ಟು ಏರಿಸಿ, ಕೈಯಿಂದಲೇ ಸರಿಹೊಂದಿಸಿ ಅಭ್ಯಾಸ ಮಾಡಿ. ಆರರ ಎಣಿಕೆಯ ಹಾಡಿನಿಂದ ನಾಲ್ಕರ ಎಣಿಕೆಯ ಹಾಡಿಗೆ ಹೋಗುವಾಗ ಬೆಸೆಯುವ ಹಟ ಬೇಡ. ಸಾಲು ಮುಗಿದ ಕಡೆ ಹಳೆಯದನ್ನು ಕತ್ತರಿಸಿ, ಹೊಸದನ್ನು ಮೊದಲ ಪೆಟ್ಟಿಗೇ ಶುರು ಮಾಡಿ.

4. ಜನ ಯಾವ ತುಂಡಿಗೆ ಕುಣಿಯುತ್ತಾರೆ ನೋಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತನ್ನ ತಂಗಿ ಏರ್ಪಡಿಸಿದ್ದ ಪಾರ್ಟಿಗೆ ಹಾಡು ಹಾಕಿದವನು ಡಿಜೆ ಕೂಲ್ ಹರ್ಕ್. ಹಾಡು ನಿಂತು ಬರೀ ಡ್ರಮ್ ನುಡಿಯುವಾಗ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟು ಆ ತುಂಡನ್ನೇ ಉದ್ದ ಮಾಡಿದ. ಹಿಪ್‌ಹಾಪ್ ಹುಟ್ಟಿದ್ದು ಹೀಗೆ. ಹಲಗಿಯ ತುಂಡು ಬಂದಾಗ ನೀವೂ ಇದನ್ನೇ ಮಾಡಬಹುದು. ‘ಲೂಪ್’ ಗುಂಡಿ ಇರುವುದೇ ಅದಕ್ಕೆ.

5. ಎರಡು ಹಾಡಿನ ಬೇಸ್ ಒಟ್ಟಿಗೆ ಬಿಟ್ಟರೆ ಬರೀ ಗೊಂದಲ. ಹೊಸದರ ಬೇಸ್ ಏರುವಾಗ ಹಳೆಯದರದ್ದು ಇಳಿಯಲಿ.

6. ಧ್ವನಿಮಟ್ಟ ತೋರಿಸುವ ಕೆಂಪು ದೀಪ ಉರಿಯಬಾರದು. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿದರೆ ಧ್ವನಿ ಒಡೆಯುತ್ತದೆ, ಟ್ವೀಟರ್ ಸುಡುತ್ತದೆ. ಆನ್ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಅದೇ ಮೊದಲು. ಯಂತ್ರ ಕೈಕೊಟ್ಟರೆ ಬೇಕಾಗುತ್ತದೆ, ಹಾಡುಗಳ ಇನ್ನೊಂದು ಪ್ರತಿ ಜೇಬಿನಲ್ಲಿರಲಿ.

7. ಕಿವಿ ಹೋದರೆ ಕಸುಬೂ ಹೋಯಿತು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಬಾಕ್ಸ್ ಮುಂದೆ ನಿಲ್ಲಬೇಡಿ, ಇಯರ್‌ಪ್ಲಗ್ ಹಾಕಿ. ಮೆರವಣಿಗೆಯಲ್ಲಿ ಕೂಸುಗಳಿದ್ದರೆ ಸದ್ದು ಇಳಿಸಿ. ‘ಇನ್ನೂ ಏರಿಸು’ ಎನ್ನುವವರ ಮಾತು ಕೇಳಬೇಡಿ.

8. ಕಾನೂನು ತಿಳಿದಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ಶಬ್ದಕ್ಕೆ ಕಡಿವಾಣ ಇರುವ ನಿಶ್ಶಬ್ದ ವಲಯ. ಅನುಮತಿ ಪತ್ರ ನೋಡದೆ ಬಾಡಿಗೆ ಒಪ್ಪಿಕೊಳ್ಳಬೇಡಿ; ಸಾಮಾನು ಜಪ್ತಿಯಾದರೆ ನಷ್ಟ ನಿಮಗೇ. ಇಟಗಿಯ ಹುಡುಗರಿಗೆ ಇನ್ನೊಂದು ಮಾತು: 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಹತ್ತಿರ ಸಬ್‌ವೂಫರ್ ಅದುರು ಬೇಡವೇ ಬೇಡ. ಒಂಬೈನೂರು ವರ್ಷ ಉಳಿದ ಕುಸುರಿ ಅದು, ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಹೊಗಳಿದ ಗುಡಿ.

9. ಮೊದಲ ಬಾಡಿಗೆ ಹಿಡಿಯುವ ಮುನ್ನ ಒಂದು ಗಂಟೆಯ ಮಿಕ್ಸ್ ರೆಕಾರ್ಡ್ ಮಾಡಿ, ನಿಮ್ಮ ಓಣಿಯಲ್ಲಿ ಹಲಗಿ ಬಾರಿಸುವ ಹಿರಿಯರಿಗೆ ಕೇಳಿಸಿ. ತಾಳ ಎಲ್ಲಿ ತಪ್ಪಿತೆಂದು ಅವರು ಹೇಳಿದ ಕಡೆಯೆಲ್ಲ ಗುರುತು ಹಾಕಿಕೊಂಡು ಮತ್ತೆ ಅಭ್ಯಾಸಕ್ಕೆ ಕೂರಿ.