ಪ್ರೋತ್ಸಾಹಧನ ಖಾತೆಗೆ ಬಂದಿಲ್ಲವೇ? ಹೀಗೆ ಹುಡುಕಿ

ಹೈನುಗಾರ ಬಂಧುಗಳೇ,

ಸರ್ಕಾರ ಲೀಟರಿಗೆ ಕೊಡುವ 5 ರೂ. ಪ್ರೋತ್ಸಾಹಧನ ನಿಮ್ಮ ಪಾಸ್‌ಬುಕ್‌ನಲ್ಲಿ ಕಾಣುತ್ತಿಲ್ಲವೇ? ಬ್ಯಾಂಕಿನವರು ‘ನಮಗೆ ಬಂದಿಲ್ಲ’ ಎಂದರೆ ಅದು ನಿಜವೂ ಇರಬಹುದು. ಆಧಾರ್ ಮೂಲಕ ಬರುವ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಉದ್ಯೋಗ ಖಾತರಿಯ ಕೂಲಿ ಆಧಾರ್ ಮೂಲಕ ಬಂದಿದ್ದರೆ ಅದನ್ನೂ ಹೀಗೆಯೇ ಹುಡುಕಬೇಕು.

1. ಯಾವ ತಿಂಗಳವರೆಗಿನ ಹಣ ಬಿಡುಗಡೆಯಾಗಿದೆ, ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ. ಊರಿನ ಯಾರಿಗೂ ಬಂದಿಲ್ಲವೆಂದರೆ ತಪ್ಪು ನಿಮ್ಮ ಖಾತೆಯದ್ದಲ್ಲ.

2. ‘ಮೈ ಆಧಾರ್’ ಜಾಲತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಿ. ಇದಕ್ಕೆ ಆಧಾರ್‌ನಲ್ಲಿರುವ ಮೊಬೈಲ್‌ಗೆ ಒಟಿಪಿ ಬರುತ್ತದೆ. ಅದನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ.

3. ಅಲ್ಲಿ ಕಾಣುವ ಬ್ಯಾಂಕಿಗೇ ಹೋಗಿ ಪಾಸ್‌ಬುಕ್ ನಮೂದು ಮಾಡಿಸಿ. ಮರೆತ ಹಳೆಯ ಖಾತೆಯಲ್ಲೋ, ಸಿಮ್ ಕೊಂಡಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲೋ ಹಣ ಕುಳಿತಿರಬಹುದು. ಜೋಡಣೆ ಬದಲಿಸಬೇಕಿದ್ದರೆ, ಹಣ ಬೇಕಾದ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ಕೊಡಿ.

4. ಬ್ಯಾಂಕಿನವರು ಸ್ಪಂದಿಸದಿದ್ದರೆ ಬಾಯಿಮಾತಿಗೆ ನಿಲ್ಲಬೇಡಿ. ಲಿಖಿತ ದೂರು ಕೊಟ್ಟು, ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ನೀಡಬಹುದು. ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಮೊಹರು ಬಿದ್ದ ಆ ಪ್ರತಿಯೇ ನಿಮ್ಮ ಆಧಾರ. ಅದನ್ನು ಹಾಲಿನ ಪುಸ್ತಕದಷ್ಟೇ ಜೋಪಾನವಾಗಿಡಿ.