ಮೊದಲು ಕಿವಿಯ ಲೆಕ್ಕ, ಆಮೇಲೆ ಸ್ಟೆತ್

ಪ್ರೀತಿಯ ಮಗಳೇ,

ಯಾವ ಸ್ಟೆತೊಸ್ಕೋಪ್ ಕೊಳ್ಳಲಿ ಮೇಡಂ ಎಂದು ಕೇಳಿದ್ದೀಯ. ಕಿವಿಗೆ ಮೆಷಿನ್ ಹಾಕಿಕೊಂಡು ನರ್ಸಿಂಗ್ ಓದುತ್ತಿರುವವಳು ನೀನೊಬ್ಬಳೇ ಅಲ್ಲ. ಹಾಗಾಗಿ ಎಲ್ಲರೂ ಓದಲೆಂದು ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಅಂಗಡಿಗೆ ಹೋಗುವ ಆತುರ ಬೇಡ. ನಿನ್ನ ಆಡಿಯೋಗ್ರಾಂ ಎಲ್ಲಿದೆಯೋ ಹುಡುಕಿ ತೆಗೆ.

ಆ ಹಾಳೆಯ ಮೇಲುಗಡೆ ಎಡದಿಂದ ಬಲಕ್ಕೆ 250, 500, 1000 ಎಂದು 8000 ಹರ್ಟ್ಸ್‌ವರೆಗೆ ಅಂಕಿಗಳಿರುತ್ತವೆ. ಎಡಗಡೆ ದಪ್ಪ ದನಿ, ಬಲಗಡೆ ಕೀರಲು ದನಿ. ನಾವು ಸ್ಟೆತ್ ಇಟ್ಟು ಕೇಳುವುದೆಲ್ಲ ಹೆಚ್ಚುಕಡಿಮೆ ಎಡ ಅಂಚಿನದು. ಎದೆಬಡಿತದ ಲಬ್-ಡಬ್, ಬಿಪಿ ನೋಡುವಾಗ ತೋಳಿನಲ್ಲಿ ಕೇಳುವ ಕೊರೊಟ್ಕಾಫ್ ಸದ್ದು, ಎರಡೂ ಬಹುಮಟ್ಟಿಗೆ 200 ಹರ್ಟ್ಸ್ ಒಳಗೆ. ಉಬ್ಬಸದವರ ಎದೆಯ ವೀಜ್ ಅದಕ್ಕಿಂತ ಮೇಲಿನದು. ಮಾತಿನಲ್ಲಿ ಬರುವ ಸ, ಶ ಇನ್ನೂ ಬಲಕ್ಕೆ, ಬಹಳ ದೂರ. ಗೆರೆ ಎಡಗಡೆ ಚೆನ್ನಾಗಿದ್ದು ಬಲಗಡೆ ಮಾತ್ರ ಜಾರಿದ್ದರೆ, ಮಾಸ್ಕ್ ಹಾಕಿದ ಸಿಸ್ಟರ್ ಹೇಳಿದ್ದು ಅರ್ಥವಾಗದವಳಿಗೂ ಮೆಷಿನ್ ತೆಗೆದು ಸಾದಾ ಸ್ಟೆತ್ ಹಾಕಿಕೊಂಡರೆ ಬಿಪಿ ಸದ್ದು ಸ್ಪಷ್ಟವಾಗಿಯೇ ಕೇಳಬಹುದು. ಇದು ತಿಳಿಯದೆ ಹತ್ತಾರು ಸಾವಿರ ಸುರಿದವರನ್ನು ನೋಡಿದ್ದೇನೆ. ಎಡಗಡೆಯೇ ಕುಸಿದಿದ್ದರೆ ಮಾತ್ರ ಸದ್ದು ಹಿಗ್ಗಿಸುವ ಎಲೆಕ್ಟ್ರಾನಿಕ್ ಸ್ಟೆತ್ ಬೇಕೇ ಬೇಕು.

ಆಮೇಲಿನ ಪ್ರಶ್ನೆ, ಸದ್ದು ಕಿವಿಯೊಳಗೆ ಹೋಗುವುದು ಹೇಗೆ? ಅಂಗಡಿಯವನು ಇದನ್ನು ಕೇಳುವುದೇ ಇಲ್ಲ. ಪ್ರತಿ ಬೆಡ್ಡಿನ ಬಳಿಯೂ ಮೆಷಿನ್ ತೆಗೆದು ಏಪ್ರನ್ ಜೇಬಿಗೆ ಹಾಕಿ, ಸ್ಟೆತ್ ಸಿಕ್ಕಿಸಿ, ಕೇಳಿ, ಮತ್ತೆ ಮೆಷಿನ್ ಹಾಕಿಕೊಳ್ಳುವುದು ಸ್ಕಿಲ್ ಲ್ಯಾಬಿನಲ್ಲಿ ಸುಲಭ. ಬೆಳಗಿನ ಡ್ಯೂಟಿಯಲ್ಲಿ ಮೂವತ್ತು ಜನರ ವೈಟಲ್ಸ್ ತೆಗೆಯುವಾಗ ಮಾಡಿ ನೋಡು. ಗ್ಲೌಸ್ ಕೈಯಲ್ಲಿ ಕಿವಿ ಮುಟ್ಟುವಂತಿಲ್ಲ. ಜೇಬಿನಲ್ಲಿ ಎರಡು ಮೆಷಿನ್ ಒಂದಕ್ಕೊಂದು ತಾಗಿ ಕುಂಯ್ ಅನ್ನುತ್ತವೆ. ಆ ಹೊತ್ತಿಗೇ ಪೇಷಂಟ್ ಎದೆ ನೋವು ಅಂದರೆ ನಿನಗೆ ಕೇಳುವುದಿಲ್ಲ. ಮೆಷಿನ್ ತೆಗೆಯದೆ ಕೇಳುವ ದಾರಿಯಿದ್ದರೆ ಅದನ್ನೇ ಹಿಡಿ.

ದಾರಿಗಳಿವೆ. ಥಿಂಕ್‌ಲ್ಯಾಬ್ಸ್ ವನ್ ಎಂಬುದಕ್ಕೆ ಕೊಳವೆಯೇ ಇಲ್ಲ. ಅಂಗೈಯಲ್ಲಿ ಹಿಡಿಯುವ ಬಿಲ್ಲೆ, ಅದಕ್ಕೆ ಹೆಡ್‌ಫೋನ್. ಕಿವಿಯ ಹಿಂದಿನ ಮೆಷಿನ್ನಿನ ಮೈಕನ್ನೂ ಮುಚ್ಚುವಷ್ಟು ದೊಡ್ಡ ಹೆಡ್‌ಫೋನ್ ಇದ್ದರೆ ಮೆಷಿನ್ ಮೇಲೆಯೇ ಹಾಕಿಕೊಳ್ಳಬಹುದು. ಈಕೋ ಕಂಪನಿಯವು ಬ್ಲೂಟೂತ್‌ನಲ್ಲಿ ಸದ್ದು ಕಳಿಸುತ್ತವೆ, ಅಲೆಯನ್ನು ಫೋನಿನಲ್ಲಿ ತೋರಿಸುತ್ತವೆ. ನಮ್ಮ ದೇಶದ್ದೇ ಬೇಕೆಂದರೆ ಸಾದಾ ಸ್ಟೆತ್‌ಗೆ ಜೋಡಿಸುವ ಆಯುಸಿಂಕ್ ಇದೆ. ಕೊಳವೆ ಇರುವ ಎಲೆಕ್ಟ್ರಾನಿಕ್ ಸ್ಟೆತ್ ಎಷ್ಟೇ ಒಳ್ಳೆಯ ಕಂಪನಿಯದಾದರೂ, ಅದರ ಕಿವಿತುದಿ ಸಿಕ್ಕಿಸಲು ನೀನು ಮೆಷಿನ್ ತೆಗೆಯಲೇಬೇಕು. ನಲವತ್ತು ಪಟ್ಟು, ನೂರು ಪಟ್ಟು ಎಂಬ ಜಾಹೀರಾತಿಗೆ ಮರುಳಾಗಬೇಡ. ಸೀರೆ ಉಜ್ಜಿದ ಸದ್ದೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಇಲ್ಲೊಂದು ಮುಖ್ಯವಾದ ತೊಡಕಿದೆ. ನಿನ್ನ ಮೆಷಿನ್ ಮಾತಿಗೆಂದು ಹೊಂದಿಸಿದ್ದು. ತೀರ ದಪ್ಪ ದನಿಯನ್ನು ಅದು ಬೇಕೆಂದೇ ಬಿಟ್ಟುಬಿಡುತ್ತದೆ, ಒಂದೇ ಸಮನೆ ಬರುವ ಉಸಿರಿನ ಸದ್ದನ್ನು ಫ್ಯಾನಿನ ಗದ್ದಲವೆಂದು ಬಗೆದು ಅದುಮುತ್ತದೆ. ತೂತಿರುವ ಸಣ್ಣ ಡೋಮ್ ಹಾಕಿದ್ದರೆ ದಪ್ಪ ದನಿ ಆ ತೂತಿನಿಂದಲೇ ಸೋರಿಹೋಗುತ್ತದೆ. ಬ್ಲೂಟೂತ್‌ನಲ್ಲಿ ಫೋನ್ ಕರೆ ಚೆನ್ನಾಗಿ ಕೇಳುತ್ತದೆಂದ ಮಾತ್ರಕ್ಕೆ ಎದೆಬಡಿತವೂ ಕೇಳುತ್ತದೆ ಅಂದುಕೊಳ್ಳಬೇಡ. ಆಡಿಯಾಲಜಿಸ್ಟ್ ಬಳಿ ಹೋಗಿ ಸ್ಟೆತ್‌ಗೆಂದೇ ಬೇರೆ ಪ್ರೋಗ್ರಾಂ ಹಾಕಿಸಿಕೊ: ದಪ್ಪ ದನಿ ಏರಿಸಿ, ಗದ್ದಲ ಅದುಮುವುದನ್ನು ನಿಲ್ಲಿಸಿ ಎಂದು ಬಾಯಿಬಿಟ್ಟು ಹೇಳು. ಕಿವಿಯ ಅಳತೆಯ ಮೋಲ್ಡ್ ಬೇಕಾಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವಾಗ ನಮ್ಮ ಮಕ್ಕಳು ಈ ಸಲಹೆಗೆ ದೂರ ಅಲೆಯಬೇಕಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಇರುವವರು ಅದರ ಪ್ರೊಸೆಸರ್‌ಗೆ ನೇರವಾಗಿ ಸದ್ದು ಕಳಿಸುವ ಸ್ಟ್ರೀಮರ್ ಯಾವುದೆಂದು ಅಲ್ಲೇ ವಿಚಾರಿಸಲಿ.

ಪರೀಕ್ಷೆಯನ್ನು ಅಂಗಡಿಯಲ್ಲಿ ಮಾಡಬೇಡ, ವಾರ್ಡಿನಲ್ಲಿ ಮಾಡು. ಒಂದೇ ಬಿಲ್ಲೆಗೆ ಎರಡು ಜೊತೆ ಕಿವಿಕೊಳವೆ ಇರುವ ಕಲಿಕೆಯ ಸ್ಟೆತ್ ಕಾಲೇಜಿನಲ್ಲಿದ್ದರೆ ಮೊದಲು ಸಾದಾ ಸ್ಟೆತ್ ಸಾಕೇ ಎಂಬುದನ್ನು ಅದರಲ್ಲೇ ನೋಡು. ಟ್ಯೂಟರ್ ಒಂದು ಜೊತೆ, ನೀನು ಒಂದು ಜೊತೆ. ಸದ್ದು ಶುರುವಾದಾಗ ನೀನು ಬೆರಳೆತ್ತು, ನಿಂತಾಗ ಇಳಿಸು. ಅವರು ಕಣ್ಣಲ್ಲೇ ತಾಳೆ ನೋಡಲಿ. ಎಲೆಕ್ಟ್ರಾನಿಕ್ ತೆಗೆದುಕೊಂಡರೆ ನೀನೊಮ್ಮೆ, ಅವರೊಮ್ಮೆ ನೋಡಿ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಕಫ್ ಏರಿಸುವಾಗ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟಿರು. ನಾಡಿ ನಿಂತ ಅಂಕಿಯೇ ಸುಮಾರಾಗಿ ಮೇಲಿನ ಬಿಪಿ. ಕಿವಿ ಚೆನ್ನಾಗಿರುವವರೂ ಹೀಗೇ ಮಾಡಬೇಕು, ಸೋಮಾರಿತನಕ್ಕೆ ಬಿಡುತ್ತಾರೆ ಅಷ್ಟೆ. ಫೋನಿನ ಅಲೆ ನೋಡಿ ಬಡಿತ ಎಣಿಸು, ಆದರೆ ಅಲೆ ನೋಡಿ ಮರ್ಮರ್ ಅನ್ನಬೇಡ. ರೈಲ್ಸ್ ಟ್ಯೂಬಿಗೆ ಗಾಳಿ ಹಾಕಿ ಹೊಟ್ಟೆಯ ಮೇಲೆ ಸ್ಟೆತ್ ಇಟ್ಟು ಕೇಳುವ ಹಳೆಯ ಪದ್ಧತಿ ನಿನಗೆ ಬಾರದಿದ್ದರೆ ನಷ್ಟವೇನೂ ಇಲ್ಲ. ಎಷ್ಟೇ ಒಳ್ಳೆಯ ಕಿವಿಗೂ ಅದನ್ನು ನಂಬುವಂತಿಲ್ಲ, ಪಿಎಚ್ ಇಲ್ಲವೇ ಎಕ್ಸ್‌ರೇ ನೋಡಬೇಕು.

ಕ್ಲಿನಿಕಲ್ ಪೋಸ್ಟಿಂಗ್‌ಗೆ ಮುಂಚೆಯೇ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ತಿಳಿಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಿದ್ಯಾರ್ಥಿಗೆ ಬೇಕಾದ ಅನುಕೂಲ ಮಾಡಿಕೊಡಿ ಎನ್ನುತ್ತದೆ. 2024ರ ಅಕ್ಟೋಬರಿನಲ್ಲಿ ವೈದ್ಯಕೀಯ ಸೀಟಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವೈಕಲ್ಯದ ಶೇಕಡಾ ಅಂಕಿಯೊಂದನ್ನೇ ಹಿಡಿದು ಯಾರನ್ನೂ ಹೊರಗಿಡುವಂತಿಲ್ಲ, ಓದಿಗೆ ಅಡ್ಡಿಯಾಗುತ್ತದೆಯೇ ಎಂದು ತಜ್ಞರು ನೋಡಬೇಕು ಎಂದಿತು. ಆದರೂ 'ಕಿವಿ ಕೇಳದವಳಿಗೆ ಈ ಕೆಲಸ ಯಾಕೆ' ಅನ್ನುವವರು ಒಬ್ಬಿಬ್ಬರು ಸಿಗುತ್ತಾರೆ. ಅವರ ಬಾಯಿಗೆ ಹೆದರಿ, ಕೇಳದ ಬಿಪಿಯನ್ನು 120/80 ಎಂದು ಚಾರ್ಟಿನಲ್ಲಿ ಬರೆದೀಯೆ, ಜೋಕೆ. ನಾನು ಗದರುವುದು ಅದೊಂದಕ್ಕೇ. ಕೇಳಲಿಲ್ಲ ಸಿಸ್ಟರ್, ಇನ್ನೊಮ್ಮೆ ನೋಡಿ ಅನ್ನು. ಕಿವಿ ಸರಿಯಿದ್ದವರೂ ಕೇಳದ್ದನ್ನು ಬರೆಯುವುದುಂಟು. ಅವರ ಚಾರ್ಟನ್ನು ಯಾರೂ ಅನುಮಾನಿಸುವುದಿಲ್ಲ, ನಿನ್ನದನ್ನು ಅನುಮಾನಿಸುತ್ತಾರೆ.

ಕೊಳ್ಳುವಾಗ ಹದಿನೈದು ದಿನವಾದರೂ ವಾರ್ಡಿನಲ್ಲಿ ಬಳಸಿ ನೋಡಿ ವಾಪಸ್ ಕೊಡುವ ಅವಕಾಶವಿದೆಯೇ ಎಂದು ಕೇಳಿ, ಬಿಲ್ಲಿನ ಮೇಲೆಯೇ ಬರೆಸಿಕೊ. ಬರೆದುಕೊಡದಿದ್ದರೆ ಇನ್ನೊಂದು ಅಂಗಡಿ ನೋಡು. ಮೇಲೆ ನಿನ್ನ ಹೆಸರು ಅಂಟಿಸು, ವಾರ್ಡಿನಲ್ಲಿ ಸ್ಟೆತ್‌ಗೆ ಕಾಲು ಬರುತ್ತವೆ.

ಇಂತಿ,
ನಿವೃತ್ತ ನರ್ಸಿಂಗ್ ಟ್ಯೂಟರ್ ಒಬ್ಬಳು