ಹೊಲಕ್ಕೆ ಹೊರಟಾಗ ಕೂಸು ಯಾರ ಬಳಿ?

ಹತ್ತಿ ಬಿಡಿಸುವ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಗಂಡಹೆಂಡಿರಿಬ್ಬರೂ ಬೆಳಿಗ್ಗೆಯೇ ಹೊಲಕ್ಕೆ ಹೊರಡುವುದುಂಟು. ಮನೆಯಲ್ಲಿರುವ ಒಂದು ವರ್ಷದ ಕೂಸನ್ನು ನೋಡಿಕೊಳ್ಳುವವರು ಯಾರು? ಎಷ್ಟೋ ಮನೆಗಳಲ್ಲಿ ಈ ಹೊಣೆ ಎಂಟು-ಒಂಬತ್ತು ವರ್ಷದ ಹಿರಿಯ ಮಗಳ ಮೇಲೆ ಬೀಳುತ್ತದೆ. ಅವಳ ಶಾಲೆ ತಪ್ಪುತ್ತದೆ. ಹೀಗೆ ಒಂದೇ ಏರ್ಪಾಟಿನಿಂದ ಇಬ್ಬರು ಮಕ್ಕಳಿಗೆ ನಷ್ಟವಾಗುತ್ತದೆ. ಮಗಳ ನಷ್ಟ ಕಣ್ಣಿಗೆ ಕಾಣುತ್ತದೆ, ಕೂಸಿನದು ಕಾಣುವುದಿಲ್ಲ.

ಮಗುವಿಗೆ ಆರು ವರ್ಷ ತುಂಬುವ ವೇಳೆಗೆ ಅದರ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬೆಳೆದಿರುತ್ತದೆ. ಈ ಬೆಳವಣಿಗೆಗೆ ಆಹಾರದಂತೆಯೇ ಮಾತೂ ಅವಶ್ಯಕ. ಕೂಸು ದನಿ ತೆಗೆದಾಗ ಹಿರಿಯರು ಮರುಮಾತನಾಡಬೇಕು. ಅದು ಬೆರಳು ತೋರಿಸಿದ ವಸ್ತುವಿನ ಹೆಸರು ಹೇಳಬೇಕು. ರೊಟ್ಟಿ ಬಡಿಯುವಾಗ ಮಗುವನ್ನು ಒಲೆಯಿಂದ ದೂರ ಕುಳ್ಳಿರಿಸಿ, ಕೈಗೆ ಚೂರು ಹಿಟ್ಟು ಕೊಟ್ಟು, ಇದು ದೊಡ್ಡದು, ಇದು ಸಣ್ಣದು ಎಂದು ತಿಳಿಸಿರಿ. ಲೆಕ್ಕದ ಮೊದಲ ಪಾಠ ಅದೇ. ಕಟ್ಟೆಯ ಮೇಲೆ ಕಳೆಯುವ ಸಂಜೆಯಲ್ಲಿ ಅರ್ಧ ಗಂಟೆಯನ್ನು ತಂದೆಯೂ ಮಗುವಿಗೆ ಕೊಡಬಹುದು.

ನಾವು ಓದಿದವರಲ್ಲವೆಂದು ಹಿಂಜರಿಯಬೇಡಿರಿ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ ಅಕ್ಷರಸ್ಥರು ಶೇಕಡಾ ಸುಮಾರು 52. ರಾಜ್ಯದಲ್ಲಿಯೇ ಅತಿ ಕಡಿಮೆ. ಆದರೆ ಅಕ್ಷರ ಬಾರದ ತಾಯಿಗೂ ಕಥೆ ಬರುತ್ತದೆ, ಒಗಟು ಬರುತ್ತದೆ, ಬೀಸುವ ಪದ ಬರುತ್ತದೆ. ಎಂಟು ವರ್ಷದ ಬಾಲಕಿಗೆ ದಿನವಿಡೀ ಕೂಸಿನೊಡನೆ ಮಾತನಾಡುವ ತಾಳ್ಮೆ ಎಲ್ಲಿಂದ ಬರಬೇಕು? ಅವಳೂ ಮಗುವೇ.

ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಕಳುಹಿಸಿರಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಊಟದ ಹೊತ್ತಿಗೆ ಮಾತ್ರ ಮಗುವನ್ನು ಕಳುಹಿಸುವ ರೂಢಿ ಕೆಲವೆಡೆ ಇದೆ. ಇದು ಸರಿಯಲ್ಲ. ಹಾಡು, ಬಣ್ಣ, ತನ್ನ ಸರದಿಗಾಗಿ ಕಾಯುವುದು, ಆಟಿಕೆಯನ್ನು ಇನ್ನೊಬ್ಬರಿಗೆ ಕೊಡುವುದು, ಇವೆಲ್ಲ ನಡೆಯುವುದು ಊಟಕ್ಕೆ ಮುಂಚೆ.

ಇನ್ನೂ ಚಿಕ್ಕ ಕೂಸುಗಳಿಗಾಗಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಪ್ರಾರಂಭವಾದವು, ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಿರಿ. ಇಲ್ಲವಾದರೆ ನಾಲ್ಕು ಮನೆಯವರು ಕೂಡಿ, ದಿನಕ್ಕೊಬ್ಬರಂತೆ ಊರಲ್ಲಿ ಉಳಿದು ಎಲ್ಲರ ಕೂಸುಗಳನ್ನು ನೋಡಿಕೊಳ್ಳಬಹುದು. ಒಂದು ದಿನದ ಕೂಲಿ ಹೋದೀತು, ನಿಜ. ಮಗಳ ಶಾಲೆ ಉಳಿಯುತ್ತದೆ.

ಒಂದು ಹೆರಿಗೆಗೂ ಮುಂದಿನದಕ್ಕೂ ಮೂರು ವರ್ಷಗಳ ಅಂತರವಿದ್ದರೆ, ಹೊಸ ಕೂಸು ಬರುವ ವೇಳೆಗೆ ಹಿಂದಿನದು ಅಂಗನವಾಡಿಗೆ ಹೋಗುವಂತಾಗಿರುತ್ತದೆ. ಅಂತರಕ್ಕೆ ವಂಕಿ, ನುಂಗುವ ಮಾತ್ರೆ, ಚುಚ್ಚುಮದ್ದು, ನಿರೋಧ್ ಇವೆ. ಯಾವುದು ತಕ್ಕುದೆಂದು ಆಶಾ ಕಾರ್ಯಕರ್ತೆಯನ್ನು ಗಂಡಹೆಂಡಿರಿಬ್ಬರೂ ಕೂಡಿ ಕೇಳಿರಿ.

ಗುಳೆ ಹೋಗುವವರು ತಾಯಿ ಕಾರ್ಡನ್ನು ಮರೆಯದೆ ಗಂಟಿನಲ್ಲಿಟ್ಟುಕೊಳ್ಳಿರಿ. ಬೆಂಗಳೂರಾಗಲಿ, ಪುಣೆಯಾಗಲಿ, ಕೆಲಸದ ಸ್ಥಳಕ್ಕೆ ಹತ್ತಿರದ ಅಂಗನವಾಡಿಯನ್ನು ಮೊದಲ ವಾರದಲ್ಲಿಯೇ ಹುಡುಕಿ ಮಗುವಿನ ಹೆಸರು ಬರೆಸಿರಿ. ಅಜ್ಜಿ ಅಥವಾ ಮುತ್ಯಾ ಊರಿನಲ್ಲಿದ್ದರೆ, ಶಾಲೆಗೆ ಹೋಗುವ ಮಕ್ಕಳನ್ನು ಅವರ ಬಳಿಯೇ ಬಿಡುವುದು ಮೇಲು.